ದೊಡ್ಡವ್ವನ ಅಳು, ನಮ್ಮ ನಗು

ನನ್ನ ನಗು ಎಷ್ಟು ಹೊಲಸಾಗಿದೆ ಎಂದು ನನಗೆ ಗೊತ್ತಾದದ್ದು ನಲವತ್ತರ ಹತ್ತಿರ ಬಂದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ನಮ್ಮದೇ ಪಾಡ್‌ಕಾಸ್ಟ್ ಎಡಿಟ್ ಮಾಡಲು ಕೂತಾಗ. ಮನುಷ್ಯ ತನ್ನ ನಗುವನ್ನು ತಾನು ಹೊರಗಿನಿಂದ ಕೇಳಿಸಿಕೊಳ್ಳಬಾರದು. ನಮ್ಮ ಓಣಿಯ ನಳದಲ್ಲಿ ನೀರಿಗಿಂತ ಮೊದಲು ಖೊರ್ ಖೊರ್ ಎಂದು ಗಾಳಿ ಬರುತ್ತದಲ್ಲ, ಹಾಗಿತ್ತು ಅದು. ನಡುವೆ ಉಸಿರು ಎಳೆದುಕೊಳ್ಳುವಾಗ ಮೂಗಿನಿಂದ ಇನ್ನೊಂದು ಸದ್ದು. ಇಂಥದ್ದನ್ನು ಇಷ್ಟು ವರ್ಷ ಮಂದಿಯ ಎದುರಿಗೆ ಬಿಟ್ಟುಕೊಂಡು ಓಡಾಡಿದೆನಲ್ಲ ಎಂದು ಮೈ ಮುದುಡಿತು. ಆದರೂ ಅದನ್ನು ಕತ್ತರಿಸಲಿಲ್ಲ. ನಗು ಕತ್ತರಿಸಿದರೆ ಜೋಕು ಬಿದ್ದುಹೋಗುತ್ತದೆ ಎಂಬುದು ನಮ್ಮ ಧಂದೆಯ ಮೊದಲ ಪಾಠ.

ನಾವು ಮೂವರು. ನಾನು ವಿಮಾ ಕಚೇರಿಯೊಂದರ ಗುಮಾಸ್ತ. ಇನ್ನೊಬ್ಬ ತಿಕೋಟಾದವನು, ಅವರ ಮನೆಯದು ದ್ರಾಕ್ಷಿ ತೋಟ, ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು. ಮೈಕು, ಕಂಪ್ಯೂಟರು ಎಲ್ಲ ಅವನವೇ, ಹಾಗಾಗಿ ಯಜಮಾನಿಕೆಯೂ ಅವನದೇ. ಮೂರನೆಯವನು ವಿಜಯಪುರದಲ್ಲೇ ಔಷಧಿ ಅಂಗಡಿ ಇಟ್ಟುಕೊಂಡವನು. ಗಣಪತಿ ಹಬ್ಬದ ವೇದಿಕೆಗಳಲ್ಲಿ, ಕಾಲೇಜಿನ ಗ್ಯಾದರಿಂಗ್‌ಗಳಲ್ಲಿ ನಗೆಹನಿ ಹೇಳುತ್ತ ಒಬ್ಬರಿಗೊಬ್ಬರು ಗಂಟುಬಿದ್ದವರು ನಾವು. ಸೊಲ್ಲಾಪುರ ರಸ್ತೆಯಲ್ಲಿ ಟ್ರಾಲಿ ಮಾಡುವ ವೆಲ್ಡಿಂಗ್ ವರ್ಕ್‌ಶಾಪಿನ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಗ್ರೈಂಡರ್ ಸದ್ದು ನಿಲ್ಲುವುದು ರವಿವಾರ ಮಾತ್ರ, ಆದ್ದರಿಂದ ನಮ್ಮ ಹಾಸ್ಯವೆಲ್ಲ ರವಿವಾರದ್ದು.

ಆ ಕೋಣೆಯನ್ನು ನೆನೆದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ಮೆಟ್ಟಿಲಿನ ಮೂಲೆ ಮೂಲೆಗೂ ಗುಟ್ಕಾ ಉಗುಳಿದ ಕೆಂಪು. ಒಳಗೆ ಸುಟ್ಟ ಕಬ್ಬಿಣದ ವಾಸನೆ. ಸದ್ದು ಗೋಡೆಗೆ ಬಡಿದು ಮರಳಬಾರದೆಂದು ಮೂರೂ ಮನೆಗಳ ಹಳೆಯ ಗಾದಿ, ಕೌದಿ ತಂದು ಮೊಳೆ ಹೊಡೆದು ತೂಗು ಹಾಕಿದ್ದೆವು. ಫ್ಯಾನ್ ಹಾಕಿದರೆ ಮೈಕಿನಲ್ಲಿ ಗುಂಯ್ ಎನ್ನುತ್ತದೆ, ಕಿಟಕಿ ತೆಗೆದರೆ ಲಾರಿ. ಹೀಗಾಗಿ ಬೇಸಿಗೆಯ ಬಿಸಿಲಿನಲ್ಲಿ ಎಲ್ಲ ಮುಚ್ಚಿಕೊಂಡು, ಬರೀ ಬನಿಯನ್ನಿನಲ್ಲಿ ಕೂತು, ಒಬ್ಬರ ಬೆವರು ಒಬ್ಬರು ಮೂಸುತ್ತ ನಗುತ್ತಿದ್ದೆವು. ವಾಸನೆ ಪಾಡ್‌ಕಾಸ್ಟಿನಲ್ಲಿ ಹೋಗುವುದಿಲ್ಲ, ಕೇಳುವವರ ಪುಣ್ಯ.

ಸುಳ್ಳು ಹೇಳುವುದಿಲ್ಲ, ಮೊದಮೊದಲು ನಿಜವಾಗಿಯೂ ಚೆನ್ನಾಗಿತ್ತು. ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಬರೆದು ಹಾಕಿರುತ್ತಿದ್ದೆವು. ಯಾವ ಚೀಟಿ ಬಂತೋ ಅದರ ಮೇಲೆ ಹರಟೆ. ಒಮ್ಮೆ ‘ಬಸ್ ಸ್ಟ್ಯಾಂಡ್’ ಎಂದು ಬಂತು.

"ಬೋರ್ಡ್ ಮ್ಯಾಲ ಬಬಲೇಶ್ವರ ಅಂತ ಇಷ್ಟ ದೊಡ್ಡ ಅಕ್ಷರದಾಗ ಬರದಿರ್ತಾರ," ಎಂದು ತಿಕೋಟಾದವನು ಶುರು ಮಾಡಿದ. "ಆದ್ರೂ ಏರೂ ಮುಂದ ಒಬ್ಬಂವಗ ಕೇಳ್ತೀವಿ, ಬಬಲೇಶ್ವರಕ್ಕ ಹೋಗ್ತೈತೇನ್ರಿ ಅಂತ. ಏರಿದ ಮ್ಯಾಲ ಬಾಜೂಕ ಕುಂತಾಂವಗ ಕೇಳ್ತೀವಿ. ಟಿಕೆಟ್ ತಗೊಂಡ ಮ್ಯಾಲ ಕಂಡಕ್ಟರ್‌ಗ ಕೇಳ್ತೀವಿ."

"ಬಬಲೇಶ್ವರದಾಗ ಇಳದ ಮ್ಯಾಲ?" ಎಂದೆ ನಾನು.

"ಇಳದ ಮ್ಯಾಲ ಅಲ್ಲಿ ನಿಂತಾಂವಗ ಕೇಳ್ತೀವಿ, ಇದು ಬಬಲೇಶ್ವರ ಏನ್ರಿ?" ಎಂದ ಔಷಧಿ ಅಂಗಡಿಯವನು. "ಅಂವಾ ಅಂತಾನ, ನಾನೂ ಅದನ್ನ ಕೇಳಾಕ ನಿಂತೇನ್ರಿ!"

ಇನ್ನೊಮ್ಮೆ ‘ನಳ’ ಎಂದು ಬಂತು. ನಮ್ಮೂರಲ್ಲಿ ಮದುವೆಯ ಮುಹೂರ್ತಕ್ಕೇ ನೀರು ಬಿಟ್ಟರೆ ಅಕ್ಕಿಕಾಳು ಹಾಕಲು ಮಂದಿ ನಿಲ್ಲುವುದಿಲ್ಲ, ವರನೇ ಕೊಡ ಹಿಡಿದು ಓಡುತ್ತಾನೆ ಎಂದೆಲ್ಲ ಒಂದು ತಾಸು ಕೊರೆದೆವು. ಮಂದಿ ಕೇಳಿದರು. ಭೂತನಾಳ ಕೆರೆಯ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಯಾರೋ ಗುರುತು ಹಿಡಿದು "ನಳದ ಸಾಹೇಬ್ರ" ಎಂದು ಕೈಮುಗಿದರು. ನನ್ನ ಕಚೇರಿಯಲ್ಲಿ ಹದಿನೈದು ವರ್ಷ ಯಾರೂ ನನಗೆ ಕೈಮುಗಿದಿರಲಿಲ್ಲ.

ತಿಕೋಟಾದವನು ಒಂದು ನಿಯಮ ಮಾಡಿದ್ದ. ಯಾರ ಜೋಕು ಬಿದ್ದರೂ ಉಳಿದಿಬ್ಬರು ನಗಲೇಬೇಕು, ಮೈಕಿನ ಮುಂದೆ ಮೌನ ಬರಬಾರದು. "ಸುಮ್ಮನ ಕುಂತ್ರ ಕೇಳಾಂವ ಓಡಿ ಹೋಗ್ತಾನ ಲೇ," ಎನ್ನುತ್ತಿದ್ದ. ವಾರವಾರ ನಗುತ್ತ ನಗುತ್ತ ನಮಗೆ ಅದು ಮೈಗಂಟಿಹೋಯಿತು. ಮನೆಯಲ್ಲಿ ಹೆಂಡತಿ ತಲೆನೋವು ಎಂದರೂ ಬಾಯಿ ತಾನಾಗಿ ನಗಲು ತಯಾರಾಗುತ್ತಿತ್ತು. ಮೌನ ಕಂಡರೆ ಹೆದರುವ ಮೂವರು ಗಂಡಸರು, ಹರಕು ಗಾದಿಗಳ ನಡುವೆ. ಅದಕ್ಕಿಂತ ಅಸಹ್ಯವಾದ ದೃಶ್ಯವನ್ನು ನಾನು ಕಂಡಿಲ್ಲ.

ಈಗ ದೊಡ್ಡವ್ವನ ವಿಷಯ ಹೇಳಬೇಕು. ಅವ್ವನ ಅಕ್ಕ. ಅವ್ವನ ತವರು ಬಬಲೇಶ್ವರ, ದೊಡ್ಡವ್ವನನ್ನು ಅದೇ ಊರಲ್ಲಿ ಕೊಟ್ಟಿದ್ದರು, ಹೀಗಾಗಿ ಅವಳು ಹುಟ್ಟಿದ ಓಣಿಯಿಂದ ಮೂರನೆಯ ಓಣಿಗೆ ಹೋಗಿ ಬಾಳುವೆ ಮಾಡಿದವಳು. ಸುತ್ತಿನ ಹತ್ತು ಹಳ್ಳಿಗಳಲ್ಲಿ ಯಾರು ತೀರಿಕೊಂಡರೂ ಅವಳಿಗೆ ಹೇಳಿ ಕಳಿಸುತ್ತಿದ್ದರು, ಹಾಡ್ಯಾಡಿ ಅಳುವುದಕ್ಕೆ. ಅದು ಕೂಲಿಯ ಕೆಲಸವಲ್ಲ. ಆ ಮನೆಯಲ್ಲಿ ಅವಳು ಒಂದು ಲೋಟ ಚಹ ಸಹ ಕುಡಿಯುತ್ತಿರಲಿಲ್ಲ. ಯಾರಾದರೊಬ್ಬರು ಬಾಯಿ ತೆರೆದು, ಸತ್ತವರು ಹೇಗೆ ಬದುಕಿದ್ದರು ಎಂದು ಹೇಳಿ ಅಳದಿದ್ದರೆ ಆ ಸಾವು ಮೂಕವಾಗುತ್ತದೆ ಎಂದು ನಮ್ಮ ಕಡೆ ಮಂದಿಗೆ ಸಂಕಟ. ಮನೆಯವರಿಗೆ ದುಃಖದಲ್ಲಿ ಮಾತು ಹೊರಡುವುದಿಲ್ಲ. ದೊಡ್ಡವ್ವನಿಗೆ ಹೊರಡುತ್ತಿತ್ತು.

ಅವಳದೊಂದು ಪದ್ಧತಿಯಿತ್ತು. ಹೋದವಳೇ ಹೆಣದ ಮುಂದೆ ಕೂರುತ್ತಿರಲಿಲ್ಲ. ನೆಟ್ಟಗೆ ಹಿತ್ತಿಲಿಗೆ ಹೋಗಿ ಆ ಮನೆಯ ಹೆಣ್ಣುಮಕ್ಕಳನ್ನು ಕೇಳುತ್ತಿದ್ದಳು. "ಏನ್ ಉಣ್ತಿದ್ದ? ಯಾವ ಎತ್ತಿನ ಮ್ಯಾಲ ಜೀವ ಇತ್ತು? ಯಾರ ಕೂಡ ಮಾತ ಬಿಟ್ಟಿದ್ದ?" ಎಲ್ಲ ಕೇಳಿಕೊಂಡು ಬಂದು, ಕಾಲ ಹತ್ತಿರ ಕೂತು, ಸೆರಗು ಸಡಿಲು ಮಾಡಿ ಶುರು ಮಾಡುತ್ತಿದ್ದಳು. ಇದ್ದದ್ದನ್ನೇ ಹೇಳುತ್ತಿದ್ದಳು, ಒಂದು ಸುಳ್ಳು ಸೇರಿಸುತ್ತಿರಲಿಲ್ಲ. ಒಬ್ಬ ಮುಂಗೋಪಿ ರೈತ ಸತ್ತಾಗ, "ಪಲ್ಯಾಕ್ಕ ಉಪ್ಪ ಕಡಿಮಿ ಆದ್ರ ತಾಟ ಒಗೀತಿದ್ದೆಲ್ಲೋ ನನ್ನಪ್ಪಾ, ಇನ್ನ ಮ್ಯಾಲ ಆ ತಾಟ ಯಾರ ಒಗೀಬೇಕೋ" ಎಂದು ಅತ್ತಳಂತೆ. ಅಲ್ಲಿಯ ತನಕ ಕಲ್ಲಿನ ಹಾಗೆ ಕೂತಿದ್ದ ಅವನ ಹೆಂಡತಿ ಹೋ ಎಂದು ಬಿದ್ದು ಹೊರಳಾಡಿದಳಂತೆ.

ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಬಬಲೇಶ್ವರಕ್ಕೆ ಹೋಗಿ, "ಒಂದ್ಸಲ ಅತ್ತು ತೋರ್ಸ ಬೇ ದೊಡ್ಡವ್ವಾ" ಎಂದು ಕೇಳಿದ್ದೆ. ಬಾಯಿಯ ಮೇಲೆ ಫಟ್ಟನೆ ಹೊಡೆದಳು. "ಸಾವಿಲ್ಲದ ಮನ್ಯಾಗ ಆ ದನಿ ತಗೀಬಾರ್ದು ತಮ್ಮಾ. ಸಾವನ್ನ ಕರದಂಗ ಆಗ್ತೈತಿ."

ಅವ್ವ ನನ್ನ ಜೊತೆಗೇ ವಿಜಯಪುರದಲ್ಲಿದ್ದಳು. ಎದೆಯ ಕಾಯಿಲೆ. ವೈದ್ಯರು ಹೆದರಬೇಡಿ ಎಂದಿದ್ದರು, ಅವರು ಹಾಗೆಂದ ಧಾಟಿಗೆ ನಾವು ಹೆದರಿದ್ದೆವು. ಅವ್ವ ಮಾತ್ರ ತನ್ನ ವ್ಯವಸ್ಥೆಯೆಲ್ಲ ಮುಗಿಸಿಕೊಂಡವಳ ಹಾಗೆ ಇದ್ದಳು. "ಈ ಕಾಲನಿಯಾಗ ಯಾರೂ ಬಾಯಿ ತಗದು ಅಳಂಗಿಲ್ಲ. ಕರ್ಚೀಪ್ ಮೂಗಿಗಿ ಹಿಡ್ಕೊಂಡ ನಿಂದರ್ತಾರ. ನನಗ ಹಂಗ ಮಾಡಬ್ಯಾಡ್ರಿ. ನಂದೇನರ ಆತಂದ್ರ ಎಲ್ಲಾರಕಿಂತ ಮೊದಲ ಅಕ್ಕಗ ಫೋನ್ ಹಚ್ಚು. ನನ್ನ ಸಣ್ಣಾಕಿ ಇದ್ದಾಗಿಂದ ಕಂಡಾಕಿ ಆಕಿ ಒಬ್ಬಾಕಿನ ಉಳದಾಳ. ಆಕಿ ಅಳ್ತಾಳ ಅನ್ನೂದು ಒಂದ ಧೈರ್ಯ ಐತಿ ನನಗ," ಎನ್ನುತ್ತಿದ್ದಳು. ಈ ಮಾತನ್ನು ಊಟಕ್ಕೆ ಕೂತಾಗ, ನೀರು ತುಂಬುವಾಗ, ಯಾವಾಗ ಬೇಕಾದರೂ ಹೇಳುತ್ತಿದ್ದಳು. ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ಆ ರವಿವಾರ ಡಬ್ಬಿಯಿಂದ ಬಂದ ಚೀಟಿ ‘ಅಳು’.

ಔಷಧಿ ಅಂಗಡಿಯವನು ಮದುವೆಯ ಫೋಟೋಗ್ರಾಫರನ ಕಥೆ ಹೇಳಿದ. ಮಗಳನ್ನು ಕಳಿಸಿಕೊಡುವಾಗ ತಾಯಿ ಗೋಳೋ ಎಂದು ಅಳುತ್ತಿದ್ದರೆ, "ಫೋಕಸ್ ಆಗಿಲ್ರಿ ಅಕ್ಕಾರ, ಇನ್ನೊಮ್ಮಿ ಅಳ್ರಿ" ಎಂದನಂತೆ. ಚೆನ್ನಾಗಿತ್ತು. ತಿಕೋಟಾದವನು ಉಳ್ಳಾಗಡ್ಡಿ ಹೆಚ್ಚುವ ಗಂಡಸರ ಬಗ್ಗೆ ಏನೋ ಹೇಳಿದ, ಅದು ಬಿದ್ದುಹೋಯಿತು. ನಾವು ನಕ್ಕೆವು, ನಿಯಮದ ಪ್ರಕಾರ. ನಗು ಮುಗಿದ ಮೇಲೆ ಮೌನ ಬಂತು. ಇಬ್ಬರೂ ನನ್ನ ಮುಖ ನೋಡಿದರು. ನನ್ನ ಬಳಿ ಏನೂ ಇರಲಿಲ್ಲ. ಗಂಟಲಿನಿಂದ ತಾನಾಗಿಯೇ ದೊಡ್ಡವ್ವನ ದನಿ ಹೊರಬಂತು.

ನನಗೆ ಬಾಯಿಪಾಠವಿದ್ದದ್ದು ಒಂದೇ ಅಳು, ಅಪ್ಪ ತೀರಿಕೊಂಡಾಗ ಅವಳು ಅತ್ತದ್ದು. ಅಪ್ಪನಿಗೆ ಸಕ್ಕರೆ ಕಾಯಿಲೆ. ಅವ್ವ ಸಕ್ಕರೆ ಡಬ್ಬಿಯನ್ನು ಗೋಡೆಯ ಎತ್ತರದ ಗೂಡಿನಲ್ಲಿ, ಮಾಡದಲ್ಲಿ, ಬಚ್ಚಿಡುತ್ತಿದ್ದಳು, ಅಪ್ಪ ಕದ್ದು ತಿನ್ನುತ್ತಿದ್ದ. ಅದನ್ನೇ ದೊಡ್ಡವ್ವ ಅತ್ತಿದ್ದಳು, ಅದನ್ನೇ ನಾನು ಮೈಕಿನ ಮುಂದೆ ಎದೆ ಬಡಿದುಕೊಂಡು ಹಾಡಿದೆ.

"ಸಕ್ಕರಿ ಡಬ್ಬಿ ಮಾಡದಾಗ ಇಟ್ಟಿದ್ದೆವಲ್ಲೋ ನನ್ನಪ್ಪಾ... ಕುರ್ಚಿ ಹಾಕ್ಕೊಂಡು ಏರಿ ತಿಂತಿದ್ದೆಲ್ಲೋ ನನ್ನಪ್ಪಾ... ಬಾಯಿ ಒರಸಿಕೊಂಡು ಏನೂ ತಿಂದಿಲ್ಲ ಅಂತಿದ್ದೆಲ್ಲೋ... ಮೀಸಿಗಿ ಹತ್ತಿದ ಸಕ್ಕರಿ ಇನ್ನ ಯಾರ ಒರಸಬೇಕೋ ನನ್ನಪ್ಪಾ..."

ಇಷ್ಟು ಅವಳದು. ಕೊನೆಗೆ ನಾನು ನನ್ನದೊಂದು ಸೇರಿಸಿದೆ. "ಶುಗರ್ ರಿಪೋರ್ಟ್ ಇನ್ನೂ ಬರೂದೈತೆಲ್ಲೋ ನನ್ನಪ್ಪಾ!"

ಔಷಧಿ ಅಂಗಡಿಯವನು ಕುರ್ಚಿಯಿಂದ ಕೆಳಗೆ ಬಿದ್ದ. ನಾಟಕವಲ್ಲ, ನಿಜವಾಗಿ ಬಿದ್ದ. ತಿಕೋಟಾದವನು ಮೇಜು ಕುಟ್ಟಿದ. ನಾನು ನನ್ನ ಆ ಖೊರ್ ಖೊರ್ ನಗು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ನನ್ನ ಬೆನ್ನ ಹಿಂದಿನ ಗೋಡೆಯ ಮೇಲಿದ್ದದ್ದು ದೊಡ್ಡವ್ವನೇ ಹೊಲಿದುಕೊಟ್ಟ ಕೌದಿ. ನನ್ನ ಅಪ್ಪನ ಸಾವನ್ನು ನಾನೇ ಹಾಡಿ ನಾನೇ ನಗುತ್ತಿದ್ದೇನೆ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ. ಅವಳು ಅಷ್ಟು ಚೆಂದ ಅಳುತ್ತಿದ್ದಳಲ್ಲ, ಅದೂ ನಮ್ಮದರ ಹಾಗೆ ಒಂದು ಕಸುಬು ಎಂದು ನಾನು ಯಾವಾಗಿನಿಂದಲೋ ತಿಳಿದುಬಿಟ್ಟಿದ್ದೆ.

ಆ ತುಣುಕನ್ನು ಕತ್ತರಿಸಿ ಬೇರೆ ಹಾಕಿದೆವು. ಅದು ಓಡಿತು. ಕಟಿಂಗ್ ಅಂಗಡಿಯಲ್ಲಿ, ಚಹದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಕಡೆ ನನ್ನದೇ ದನಿ. ಗುರುತಿಲ್ಲದವರೂ ಬೈಕು ನಿಲ್ಲಿಸಿ "ನನ್ನಪ್ಪಾ" ಎಂದು ಕೂಗಿ ಹೋಗುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಥೂ ಎನಿಸುತ್ತದೆ, ಆದರೆ ಖುಷಿಯಾಗುತ್ತಿತ್ತು.

ಅವ್ವನಿಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ನಳ ಬಂದ ಹೊತ್ತಿನಲ್ಲಿ. ಪಕ್ಕದ ಮನೆಯಾಕೆ "ನಿಮ್ಮ ಮಗಾರ ನೋಡ್ರಿ ಎಷ್ಟ ನಗಸ್ಯಾರ" ಎಂದು ಫೋನ್ ತೋರಿಸಿದರಂತೆ. ಅವ್ವ ಖಾಲಿ ಕೊಡ ಹಿಡಿದು ಒಳಗೆ ಬಂದಳು. ಬೈಯಲಿಲ್ಲ.

"ಮೀಸಿಗಿ ಹತ್ತಿದ ಸಕ್ಕರಿ ನಾ ಒರಸಿದ್ದು," ಎಂದಳು. "ಅದನ್ನ ಯಾಕ ಬಜಾರದಾಗ ಇಟ್ಟಿ?"

ನಾನು ಅವಳ ಕೈಯಿಂದ ಕೊಡ ಇಸಿದುಕೊಂಡೆ. "ಅಕ್ಕಗ ಗೊತ್ತಾಗೂದರಾಗ ತಗಸು," ಎಂದಳು. "ಆಕಿ ಬಾಯಿ ಮುಚ್ಚಿದ್ಲಂದ್ರ ನನ್ನ ಗತಿ ಏನು?"

ಅಂದೇ ತಿಕೋಟಾದವನಿಗೆ ಹೇಳಿದೆ. ಅವನು ಮಣೂಕ ಆರಿಸುತ್ತ ಶೆಡ್ಡಿನಲ್ಲಿ ಕೂತಿದ್ದ. "ಈಗ ತಗದ್ರೇನು ಬಂತು ದೋಸ್ತಾ? ಮಂದಿ ಫೋನಿನ್ಯಾಗ ಐತಿ. ಓಡಾಕತ್ತೈತಿ, ಓಡ್ಲಿ ಬಿಡು," ಎಂದ. ನಾನು ಹೂಂ ಎಂದು ಅವನು ಕೊಟ್ಟ ಮಣೂಕ ತಿಂದುಕೊಂಡು ವಾಪಸ್ಸು ಬಂದೆ. ಅವ್ವನಿಗೆ ತೆಗೆಸಿದೆ ಎಂದು ಹೇಳಿದೆ.

ಅದಾದ ತಿಂಗಳಿಗೆ ಕಾಖಂಡಕಿಯಲ್ಲಿ ಅವ್ವನ ಕಡೆಯ ಹಿರಿಯರೊಬ್ಬರು ತೀರಿಕೊಂಡರು. ಅವ್ವನಿಗೆ ಹೋಗಲು ಆಗಲಿಲ್ಲ, ನಾನು ಹೋದೆ. ದಾರಿಯಲ್ಲಿ ಬಬಲೇಶ್ವರದಿಂದ ದೊಡ್ಡವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ. ಅವಳ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅವಳಿಗೆ ಏನೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಜೋಳದ ಬೆಳೆ ಹೇಗಿದೆ ಎಂದು ನೋಡುತ್ತ, ಯಾರ ಹೊಲ ಯಾವುದೆಂದು ಹೇಳುತ್ತ ಬಂದಳು. ನಾನು ಹೂಂಗುಟ್ಟುತ್ತಿದ್ದೆ.

ತೀರಿಕೊಂಡ ಅಜ್ಜನನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ದೊಡ್ಡವ್ವ ಎಂದಿನಂತೆ ಹಿತ್ತಿಲಿಗೆ ಹೋಗಿ ಕೇಳಿಕೊಂಡು ಬಂದಳು. ಕಾಲ ಹತ್ತಿರ ಕೂತಳು. ನಾನು ಬಾಗಿಲ ಹತ್ತಿರ ಗಂಡಸರ ನಡುವೆ ನಿಂತಿದ್ದೆ. ಅವಳು ದನಿ ತೆಗೆದಳು.

"ಎರಡ ಮೈಲಿ ನಡದ ಹೋಗಿ ಎಮ್ಮಿ ಮೈ ತೊಳಿತಿದ್ದೆಲ್ಲೋ ನನ್ನಪ್ಪಾ..."

ಆ ‘ನನ್ನಪ್ಪಾ’ ಬಂದ ಕೂಡಲೇ ಎದುರಿಗೆ ಕೂತ ಹರೆಯದ ಹೆಣ್ಣುಮಕ್ಕಳೆಲ್ಲ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡರು. ಭುಜ ಕುಲುಕತೊಡಗಿದವು. ದೊಡ್ಡವ್ವ ಅದನ್ನು ನೋಡಿದಳು. ಅಳುತ್ತಿದ್ದಾರೆ ಎಂದು ತಿಳಿದಳು. ಅವರ ದುಃಖ ಪೂರ್ತಿ ಹೊರಗೆ ಬರಲಿ ಎಂದು ಇನ್ನಷ್ಟು ದನಿ ಎತ್ತಿದಳು. ಅವರು ಇನ್ನಷ್ಟು ಬಗ್ಗಿದರು. ಒಬ್ಬಳ ಮೂಗಿನಿಂದ ಸದ್ದು ಹೊರಟಿತು. ಇವರು ನಗುತ್ತಿದ್ದಾರೆಂದು ಆ ಪಡಸಾಲೆಯಲ್ಲಿ ಮೊದಲು ತಿಳಿದವನು ನಾನೇ ಇರಬೇಕು, ಯಾಕೆಂದರೆ ನಗುವಿನ ಕೆಲಸ ನನ್ನದು.

ಸತ್ತ ಅಜ್ಜನ ಮೊಮ್ಮಗಳೊಬ್ಬಳು, ಕಾಲೇಜಿನವಳು, ಹಿಂದೆ ಕೂತು ಪಕ್ಕದವಳಿಗೆ ಫೋನಿನಲ್ಲಿ ಆ ತುಣುಕನ್ನು ತೋರಿಸಲು ಹೋದಳು. ದನಿ ಕಡಿಮೆ ಮಾಡಲು ಮರೆತಿದ್ದಳು. ಪಡಸಾಲೆಯ ತುಂಬ ನನ್ನ ದನಿ. "ಶುಗರ್ ರಿಪೋರ್ಟ್ ಇನ್ನೂ ಬರೂದೈತೆಲ್ಲೋ ನನ್ನಪ್ಪಾ!" ಅದರ ಹಿಂದೆ ಕುರ್ಚಿ ಬಿದ್ದ ಸದ್ದು, ಮೇಜು ಕುಟ್ಟಿದ ಸದ್ದು, ನಾವು ಮೂವರು ನಕ್ಕ ನಗು. ಹೆಣದ ಮುಂದೆ.

ಹುಡುಗಿ ಗಾಬರಿಯಾಗಿ ಫೋನನ್ನು ಲಂಗದ ಕೆಳಗೆ ಒತ್ತಿಕೊಂಡಳು, ನಗು ಅಲ್ಲಿಂದಲೂ ಬರುತ್ತಿತ್ತು. ಯಾರೋ ಹಿರಿಯರು ಗದರಿದರು. ದೊಡ್ಡವ್ವ ತೆರೆದ ಬಾಯಿ ಹಾಗೇ ಇಟ್ಟುಕೊಂಡು ಆ ದಿಕ್ಕಿಗೆ ನೋಡುತ್ತಿದ್ದಳು. ಆಮೇಲೆ ಮುಚ್ಚಿದಳು. ಸೆರಗು ಸರಿ ಮಾಡಿಕೊಂಡು, ಅಜ್ಜನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಎದ್ದು ಹೊರಗೆ ಬಂದಳು.

ಮರಳಿ ಅವಳನ್ನು ಬೈಕಿನ ಮೇಲೆ ಕರೆತಂದೆ. ಬಬಲೇಶ್ವರದಲ್ಲಿ ಮನೆಯ ಮುಂದೆ ಇಳಿದು ಕಟ್ಟೆ ಹಿಡಿದುಕೊಂಡು ನಿಂತಳು.

"ದನಿ ಯಾರದಂತ ತಿಳೀಲಿಲ್ಲ," ಎಂದಳು. "ನಗು ತಿಳೀತು. ಸಣ್ಣಾಂವಿದ್ದಾಗಿಂದ ನೀ ಹಂಗ ನಗ್ತಿ."

ನಾನು ಕಾಲು ಹಿಡಿಯಲು ಬಗ್ಗಿದೆ. "ಮೊದಲ ಮೈ ತೊಳ್ಕೋ ಹೋಗು, ಸಾವಿನ ಮನಿಗಿ ಹೋಗಿ ಬಂದಿ," ಎಂದು ಒಳಗೆ ಹೋದಳು.

ಇಷ್ಟಾದ ಮೇಲೆ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಮುಂದಿನ ರವಿವಾರ ಗೆಳೆಯರಿಗೆ ನಡೆದದ್ದನ್ನು ಹೇಳಿದಾಗ ಇಬ್ಬರೂ ತಲೆ ತಗ್ಗಿಸಿದರು. ಆಮೇಲೆ ತಿಕೋಟಾದವನು, "ಅಲ್ಲಲೇ, ದೊಡ್ಡವ್ವನ್ನ ಇಲ್ಲಿಗೇ ಕರಸೂಣು. ಮಂದಿಗಿ ಇದರ ಬೆಲಿ ಗೊತ್ತಾಗ್ಲಿ. ಕ್ಷಮಾ ಕೇಳಿದಂಗೂ ಆಗ್ತೈತಿ," ಎಂದ. ಔಷಧಿ ಅಂಗಡಿಯವನ ಕಣ್ಣು ಮಿನುಗಿದವು. ಎಪಿಸೋಡು ಒಳ್ಳೆಯದಾಗುತ್ತದೆ ಎಂದು ಮೂವರಿಗೂ ಒಟ್ಟಿಗೇ ಹೊಳೆದದ್ದು ನನಗೆ ಕಂಡಿತು. ಹೇಸಿಗೆಯೆನಿಸಿತು. ಹೇಸಿಗೆಯೆನಿಸಿದರೂ ಮರುದಿನ ಬಬಲೇಶ್ವರದ ಬಸ್ಸು ಹತ್ತಿದೆ.

ದೊಡ್ಡವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂರಲು ಹೇಳಿದಳು, ಒಳಗಿಂದ ಸೊಸೆಯ ಕೈಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತರಿಸಿದಳು. ಉಂಡೆ. ಉಂಡ ಮೇಲೆ ತಪ್ಪಾಯಿತು ಎಂದೆ.

"ಆತು ಬಿಡು. ಅಳೂದ ಬಿಟ್ಟೇನಿ," ಎಂದಳು. "ಮೊನ್ನಿ ಬಾಜೂ ಓಣ್ಯಾಗ ಕರದಿದ್ರು. ಹೋಗಲಿಲ್ಲ."

"ನಾಕ ದಿನ ಹೋದ್ರ ಮಂದಿ ಮರೀತಾರ ಬೇ."

"ಮಂದಿ ಮರೀತಾರ. ನಾ ಬಾಯಿ ತಗದ್ರ ನನಗ ನಿಮ್ಮ ನಗು ಕೇಳಸ್ತೈತಿ ತಮ್ಮಾ. ಸತ್ತಾರ ಮುಂದ ಕುಂತು ನಾ ಅದನ್ನ ಕೇಳೂದೇನು?"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾನು ಗಂಟಲು ಸರಿ ಮಾಡಿಕೊಂಡು, ಅವಳ ಕಲೆ, ಅದರ ಗೌರವ, ಹೊಸ ತಲೆಮಾರು ಎಂದೆಲ್ಲ ಸುತ್ತಿ ಬಳಸಿ, "ಒಂದ್ಸಲ ನಮ್ಮ ಸ್ಟುಡಿಯೋಕ್ಕ ಬಾ ಬೇ. ನಿನ್ನ ಬಾಯಿಲೇ ಒಂದೀಟ ಅತ್ತು ತೋರ್ಸು, ಎಲ್ಲಾರಿಗೂ ತಿಳೀಲಿ," ಎಂದೆ.

ಮೊರ ನಿಂತಿತು.

"ಅಲ್ಲಿ ಯಾರ ಸತ್ತಾರ?" ಎಂದಳು.

ನಾನು ತಟ್ಟೆಯಲ್ಲಿ ಕೈ ತೊಳೆದು ಎದ್ದೆ. ಹೊರಡುವಾಗ ಅವ್ವನ ಮಾತನ್ನು ಮಾತ್ರ ಕೇಳದೆ ಇರಲು ಆಗಲಿಲ್ಲ. "ಅವ್ವ ನಿನ್ನ ಮ್ಯಾಲ ಭಾಳ ಧೈರ್ಯ ಇಟ್ಟಾಳ ಬೇ."

"ಹಿರ್ಯಾಕಿ ನಾ ಇದ್ದೇನಿ. ಮೊದಲ ನಾ ಹೋಗ್ತೇನಿ," ಎಂದು ಜೋಳದ ಕಡೆ ತಿರುಗಿದಳು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪಾಡ್‌ಕಾಸ್ಟ್ ಬಿಟ್ಟೆ. ಗೆಳೆಯರು ಒಂದೆರಡು ಸಲ ಕರೆದು ಸುಮ್ಮನಾದರು, ಬೇರೊಬ್ಬನನ್ನು ಸೇರಿಸಿಕೊಂಡರು. ಅವನು ನನಗಿಂತ ಚೆನ್ನಾಗಿ ನಗುತ್ತಾನೆ. ಬಿಟ್ಟದ್ದಕ್ಕೆ ನನಗೆ ನಾನು ದೊಡ್ಡವನಾಗಿಯೇನೂ ಕಾಣಲಿಲ್ಲ. ಅವ್ವ ಪ್ರತಿ ವಾರ "ಅಕ್ಕ ಹೆಂಗದಾಳ? ಅಳಾಕ ಹೋಗಾಕತ್ತಾಳೇನು?" ಎಂದು ಕೇಳುವಳು, ನಾನು "ಹೋಗಾಕತ್ತಾಳ" ಎನ್ನುವೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ, ಆ ವಾರ ಮತ್ತೆ ಕೇಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅವ್ವ ಹಾಸಿಗೆಯಿಂದ ಏಳಲಿಲ್ಲ. ಪಕ್ಕದ ರಸ್ತೆಯ ವೈದ್ಯರು ಬಂದು ನೋಡಿ ಹೋದರು. ಅವ್ವ ಹೇಳಿದ್ದಂತೆ ಎಲ್ಲರಿಗಿಂತ ಮೊದಲು ದೊಡ್ಡವ್ವನಿಗೆ ಫೋನ್ ಹಚ್ಚಿದೆ. ಅತ್ತ ಕಡೆಯಿಂದ ಒಂದು ಉಸಿರು ಕೇಳಿಸಿತು, ಅಷ್ಟೇ.

ಹತ್ತು ಗಂಟೆಗೆ ಮನೆಯ ಮುಂದೆ ಮಂದಿ ಸೇರಿದ್ದರು. ಕಾಲನಿಯವರು ಕರವಸ್ತ್ರ ಹಿಡಿದು ನಿಂತಿದ್ದರು, ಅವ್ವ ಹೇಳಿದ ಹಾಗೆಯೇ. ಬಬಲೇಶ್ವರ, ಕಾಖಂಡಕಿಯ ಕಡೆಯ ಹೆಂಗಸರು ಅವ್ವನ ಸುತ್ತ ಕೂತಿದ್ದರು. ನನ್ನ ಇಬ್ಬರು ಗೆಳೆಯರೂ ಗೇಟಿನ ಹತ್ತಿರ ಇದ್ದರು. ತಿಕೋಟಾದವನು ನಿಜವಾಗಿ ಅಳುತ್ತಿದ್ದ. ದೊಡ್ಡವ್ವ ಬಂದಾಗ ಎಲ್ಲರೂ ದಾರಿ ಬಿಟ್ಟರು. ಅವಳು ಹಿತ್ತಿಲಿಗೆ ಹೋಗಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಹೋಗಿ ತಂಗಿಯ ಕಾಲ ಹತ್ತಿರ ಕೂತಳು. ಮಂದಿ ಕಾದರು. ಅವಳ ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು. ದನಿ ಹೊರಡಲಿಲ್ಲ. ಬಾಯಿ ಮುಚ್ಚಿಕೊಂಡಳು.

ಆಮೇಲೆ ಕಾಲ ಹತ್ತಿರದಿಂದ ಸರಿದು ಸರಿದು ಮೇಲೆ ಬಂದು, ಗೋಡೆಗೆ ಒರಗಿ ಕೂತಿದ್ದ ಅವ್ವನ ಮಗ್ಗುಲಿಗೆ ಕೂತಳು. ಸೆರಗನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು, ಅವ್ವನ ಕಿವಿಗೆ ಬಾಯಿ ಹಚ್ಚಿದಳು. ತುಟಿ ಅಲುಗತೊಡಗಿದವು.

ನನಗೆ ತಡೆಯಲಾಗಲಿಲ್ಲ. ಅವ್ವ ನನಗೆ ಗೊತ್ತಿದ್ದದ್ದು ನಾನು ಹುಟ್ಟಿದ ಮೇಲಿನಿಂದ. ಅದಕ್ಕೂ ಮೊದಲು ಅವಳು ಬಬಲೇಶ್ವರದ ಓಣಿಯಲ್ಲಿ ಏನು ಆಡುತ್ತಿದ್ದಳು, ಯಾವುದಕ್ಕೆ ಹಟ ಹಿಡಿಯುತ್ತಿದ್ದಳು, ಮದುವೆ ಗೊತ್ತಾದಾಗ ಏನೆಂದಳು, ಅದೆಲ್ಲ ಆ ಒಂದು ಬಾಯಿಯಲ್ಲಿತ್ತು. ಮಂದಿಯನ್ನು ದಾಟಿ ಹತ್ತಿರ ಹೋಗಿ ಕೂತೆ, ಕಿವಿ ಮುಂದೆ ಮಾಡಿದೆ.

ದೊಡ್ಡವ್ವ ನಿಲ್ಲಿಸಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಕಾಯುತ್ತಿದ್ದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇನ್ನೂ ಕಾಯುತ್ತಿದ್ದಳು. ಎದ್ದು ಬಾಗಿಲಿಗೆ ಬಂದೆ. ಬಾಗಿಲ ಹೊರಗೆ ಕಾಲಿಟ್ಟ ಮೇಲೆ ಅವಳು ಮತ್ತೆ ತಂಗಿಯ ಕಿವಿಗೆ ಬಗ್ಗಿದಳು.

ಬಹಳ ಹೊತ್ತು ಹೇಳಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಡುವೆ ಒಮ್ಮೆ ಅವಳ ಮುಖದಲ್ಲಿ ನಗು ಬಂತು. ಒಮ್ಮೆ ಬೈಯುವವಳ ಹಾಗೆ ಅವ್ವನ ಕೆನ್ನೆಗೆ ಮೆಲ್ಲಗೆ ತಟ್ಟಿದಳು. ಕಣ್ಣೀರು ಸುರಿಯುತ್ತಲೇ ಇತ್ತು. ಮನೆ ತುಂಬ ಮಂದಿ, ಒಬ್ಬರಿಗೂ ಒಂದು ಮಾತು ಕೇಳಿಸಲಿಲ್ಲ. ಮೌನಕ್ಕೆ ಹೆದರಿ ಬದುಕಿದ ನಾನು ಆ ಮೌನದಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದೆ.

ಮೂರನೆಯ ದಿನದ ಕಾರ್ಯ ಮುಗಿಸಿ ಅವಳು ಊರಿಗೆ ಹೊರಟಾಗ, ಯಾರೂ ಇಲ್ಲದ್ದು ನೋಡಿ ಕೇಳಿದೆ.

"ಅವ್ವಗ ಏನಂದಿ ಬೇ ದೊಡ್ಡವ್ವಾ?"

ಅವಳು ಚೀಲದ ಬಾಯಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಆಕಿಗಿ ಹೇಳೂದಿತ್ತು, ಹೇಳೇನಿ," ಎಂದಳು. "ಬಸ್ಸಿಗಿ ಹೊತ್ತಾತು, ನಡಿ."